ಜಿ-ಕ್ವಾಡ್ರುಪ್ಲೆಕ್ಸ್ ಡಿಎನ್‌ಎ

ಜಿ-ಕ್ವಾಡ್ರುಪ್ಲೆಕ್ಸ್ ಎಂಬುದು ಗ್ವಾನಿನ್ ಪ್ರತ್ಯಾಮ್ಲವು ಹೇರಳವಾಗಿರುವ ಡಿಎನ್‌ಎ ಅಥವಾ ಆರ್‌ಎನ್‌ಎ ಮಡಚಿಕೊಂಡು ರೂಪಿಸುವ ನಾಲ್ಕು ಎಳೆಗಳ ರಚನೆ. ಇದು ಡಿಎನ್‌ಎಯ ಸುಪರಿಚಿತ ರೂಪವಾದ ಜೋಡಿಸುರುಳಿಗಿಂತ ಭಿನ್ನವಾಗಿದೆ. ಒಂದೇ ಅನುಕ್ರಮವು ಪರಿಸರಕ್ಕೆ ತಕ್ಕಂತೆ ಬೇರೆ ಬೇರೆ ಆಕಾರಗಳನ್ನು ತಾಳುವುದರಿಂದ, ಇದರ ಮೂರು ಆಯಾಮದ ರಚನೆಯನ್ನು ತಿಳಿಯಲು ಹಲವು ವಿಧಾನಗಳು ಬೇಕಾಗುತ್ತವೆ.

ರಚನೆ

ನಾಲ್ಕು ಗ್ವಾನಿನ್‌ಗಳು ಒಂದೇ ಸಮತಲದಲ್ಲಿ 8 ಜಲಜನಕ ಬಂಧಗಳಿಂದ ಕೂಡಿ ಚೌಕಾಕಾರದ ‘ಜಿ-ಟೆಟ್ರಾಡ್’ ಆಗುತ್ತವೆ. ಇಂತಹ ಚೌಕಗಳು ಒಂದರ ಮೇಲೊಂದು ಜೋಡಣೆಗೊಂಡಾಗ ಕ್ವಾಡ್ರುಪ್ಲೆಕ್ಸ್ ಉಂಟಾಗುತ್ತದೆ. ನಡುವಿನ ಕಾಲುವೆಯಲ್ಲಿರುವ ಪೊಟ್ಯಾಶಿಯಂ ಅಥವಾ ಸೋಡಿಯಂ ಅಯಾನುಗಳು ರಚನೆಗೆ ಸ್ಥಿರತೆ ನೀಡುತ್ತವೆ. ಈ ಚೌಕದ ವಿನ್ಯಾಸವನ್ನು 1962ರಲ್ಲಿ ಮಾರ್ಟಿನ್ ಗೆಲ್ಲರ್ಟ್, ಮೇರಿ ಲಿಪ್ಸೆಟ್ ಮತ್ತು ಡೇವಿಡ್ ಡೇವೀಸ್ ಅವರು ಕ್ಷ-ಕಿರಣ ವಿವರ್ತನೆಯ ನೆರವಿನಿಂದ ಪ್ರತಿಪಾದಿಸಿದರು.

ನಿರ್ಧರಿಸುವ ವಿಧಾನಗಳು

* ವೃತ್ತೀಯ ದ್ವಿವರ್ಣತೆ: ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕಿನ ಹೀರಿಕೆಯಿಂದ ಎಳೆಗಳ ದಿಕ್ಕನ್ನು ಅಂದಾಜಿಸಲಾಗುತ್ತದೆ. ಸಮಾಂತರ ಎಳೆಗಳ ರೂಪವು ಸುಮಾರು 264 ನ್ಯಾನೊಮೀಟರ್‌ನಲ್ಲಿಯೂ, ಪ್ರತಿ-ಸಮಾಂತರ ರೂಪವು ಸುಮಾರು 295 ನ್ಯಾನೊಮೀಟರ್‌ನಲ್ಲಿಯೂ ಧನಾತ್ಮಕ ಶಿಖರವನ್ನು ತೋರುತ್ತದೆ. ಇದರಿಂದ ಪರಮಾಣುಗಳ ಸ್ಥಾನ ತಿಳಿಯದು.
* ಎನ್‌ಎಂಆರ್: ದ್ರಾವಣದಲ್ಲಿರುವ ಅಣುವಿನ ಪ್ರೋಟಾನುಗಳ ನಡುವಣ ಅಂತರಗಳನ್ನು ಅಂದಾಜಿಸಿ ರಚನೆಯನ್ನು ಕಟ್ಟಲಾಗುತ್ತದೆ. ಹಲವು ಆಕಾರಗಳು ಬೆರೆತಿದ್ದರೆ ಸಂಕೇತಗಳು ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾಗುತ್ತವೆ.
* ಕ್ಷ-ಕಿರಣ ಸ್ಫಟಿಕಶಾಸ್ತ್ರ: ಪರಮಾಣುಗಳ ಸ್ಥಾನವನ್ನು ನೇರವಾಗಿ ತೋರಿಸುತ್ತದೆ. ಆದರೆ ಸ್ಫಟಿಕವಾಗಬಲ್ಲ ಆಕಾರವೊಂದೇ ಇಲ್ಲಿ ಕಾಣಸಿಗುತ್ತದೆ.

ಮಾನವ ಟೆಲೊಮಿಯರ್‌ನ ಉದಾಹರಣೆ

ವರ್ಣತಂತುಗಳ ತುದಿಯಾದ ಟೆಲೊಮಿಯರ್‌ನಲ್ಲಿ ಟಿಟಿಎಜಿಜಿಜಿ ಎಂಬ ಅನುಕ್ರಮವು ಪುನರಾವರ್ತನೆಗೊಳ್ಳುತ್ತದೆ. ಇದರ 22 ನ್ಯೂಕ್ಲಿಯೋಟೈಡ್‌ಗಳ ತುಣುಕನ್ನು 1993ರಲ್ಲಿ ವಾಂಗ್ ಮತ್ತು ಪಟೇಲ್ ಅವರು ಸೋಡಿಯಂ ದ್ರಾವಣದಲ್ಲಿ ಎನ್‌ಎಂಆರ್ ಮೂಲಕ ಪರಿಶೀಲಿಸಿದಾಗ, ಪ್ರತಿ-ಸಮಾಂತರ ಎಳೆಗಳ ‘ಬುಟ್ಟಿ’ಯಂತಹ ರೂಪ ಕಂಡುಬಂದಿತು. ಅದೇ ತುಣುಕಿನ ಪೊಟ್ಯಾಶಿಯಂಯುಕ್ತ ಸ್ಫಟಿಕವನ್ನು 2002ರಲ್ಲಿ ಪಾರ್ಕಿನ್ಸನ್, ಲೀ ಮತ್ತು ನೀಡ್ಲ್ ಅವರು ಅಧ್ಯಯನ ಮಾಡಿದಾಗ, ನಾಲ್ಕು ಎಳೆಗಳೂ ಸಮಾಂತರವಾಗಿದ್ದು ಕುಣಿಕೆಗಳು ಪಕ್ಕಕ್ಕೆ ಚಾಚಿಕೊಂಡಿದ್ದವು. 2006ರ ಬಳಿಕ, ತುದಿಗಳಲ್ಲಿ ತುಸು ಬದಲಾಯಿಸಿದ ತುಣುಕುಗಳು ಪೊಟ್ಯಾಶಿಯಂ ದ್ರಾವಣದಲ್ಲಿ ಮೂರನೆಯ ರೂಪವನ್ನು ತೋರಿದವು. ಅದರಲ್ಲಿ ಮೂರು ಎಳೆಗಳು ಒಂದು ದಿಕ್ಕಿಗೂ ಒಂದು ಎಳೆ ವಿರುದ್ಧ ದಿಕ್ಕಿಗೂ ಸಾಗುತ್ತವೆ. ಈ ಫಲಿತಾಂಶಗಳು ಪರಸ್ಪರ ವಿರುದ್ಧವಲ್ಲ. ಪ್ರತಿಯೊಂದೂ ತನ್ನ ಅಯಾನು, ಅನುಕ್ರಮ ಮತ್ತು ಮಾಧ್ಯಮಕ್ಕೆ ಸಂಬಂಧಿಸಿದುದು.

ಮಹತ್ವ

ಬಹುಪಾಲು ಕ್ಯಾನ್ಸರ್ ಕೋಶಗಳು ಟೆಲೊಮರೇಸ್ ಎಂಬ ಕಿಣ್ವದಿಂದ ತಮ್ಮ ಟೆಲೊಮಿಯರ್‌ಗಳನ್ನು ಉಳಿಸಿಕೊಳ್ಳುತ್ತವೆ. ಮಡಚಿಕೊಂಡ ತುದಿಯನ್ನು ಈ ಕಿಣ್ವವು ಸುಲಭವಾಗಿ ಬೆಳೆಸಲಾರದು. ಆದ್ದರಿಂದ ಕ್ವಾಡ್ರುಪ್ಲೆಕ್ಸ್‌ಗೆ ಅಂಟಿ ಅದನ್ನು ಸ್ಥಿರಗೊಳಿಸುವ ಔಷಧಗಳ ಶೋಧ ನಡೆದಿದೆ. ಸಮಾಂತರ ರೂಪದಲ್ಲಿ ಕೊನೆಯ ಚೌಕಗಳು ಔಷಧದ ಅಣುವಿಗೆ ತೆರೆದಿರುತ್ತವೆ. ಬುಟ್ಟಿಯ ರೂಪದಲ್ಲಿ ಅವುಗಳ ಮೇಲೆ ಕುಣಿಕೆಗಳು ಹಾದುಹೋಗುತ್ತವೆ. ಹೀಗಾಗಿ ಯಾವ ರಚನೆಯನ್ನು ಆಧಾರವಾಗಿಟ್ಟುಕೊಳ್ಳಬೇಕೆಂಬುದು ಔಷಧ ವಿನ್ಯಾಸದಲ್ಲಿ ನಿರ್ಣಾಯಕವಾಗುತ್ತದೆ. 2013ರಲ್ಲಿ ಕೇಂಬ್ರಿಜ್‌ನ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡವು ವಿಶೇಷ ಪ್ರತಿಕಾಯವೊಂದನ್ನು ಬಳಸಿ ಮಾನವ ಕೋಶಗಳಲ್ಲಿಯೇ ಈ ರಚನೆಗಳನ್ನು ಗುರುತಿಸಿತು. ಪ್ರತಿಕಾಯವು ರಚನೆಯ ಇರುವಿಕೆಯನ್ನು ತಿಳಿಸುತ್ತದೆ; ಪರಮಾಣು ಮಟ್ಟದ ಆಕಾರಕ್ಕೆ ಎನ್‌ಎಂಆರ್ ಮತ್ತು ಸ್ಫಟಿಕಶಾಸ್ತ್ರಗಳೇ ಮುಖ್ಯ ಆಧಾರವಾಗಿವೆ.