ಅಣು ಕೇಂದ್ರದ ಕಸ ಮತ್ತು ನಮ್ಮ ಬಾವಿಯ ನೀರು

ಒಲೆ ಉರಿದರೆ ಬೂದಿ ಉಳಿಯುತ್ತದೆ. ಆ ಬೂದಿಯನ್ನು ನಾವು ತಿಪ್ಪೆಗೆ ಹಾಕಿ, ಮರುವರ್ಷ ಹೊಲಕ್ಕೆ ಹರಡುತ್ತೇವೆ. ಅಣು ಸಂಶೋಧನೆ ನಡೆಯುವ ಕಡೆಯಲ್ಲೂ ಕಸ ಉಳಿಯುತ್ತದೆ. ಅದನ್ನು ಹಾಗೆ ತಿಪ್ಪೆಗೆ ಹಾಕಲಾಗದು. ಅದನ್ನು ಎಲ್ಲಿ ಇಡುತ್ತಾರೆ, ಹೇಗೆ ಇಡುತ್ತಾರೆ, ಸರಿಯಾಗಿ ಇಟ್ಟಿದ್ದಾರೆಯೇ ಎಂದು ನೋಡುವವರು ಯಾರು? ಅಮರಾಪುರ, ಮಡಕಶಿರಾ, ರಾಯದುರ್ಗ ಸೀಮೆಯ ರೈತರಾದ ನಮಗೆ ಇದು ದೂರದ ಪ್ರಶ್ನೆಯಲ್ಲ.

ನಮ್ಮ ಗಡಿಯಾಚೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಹಿಂದೆ ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಅಮೃತ ಮಹಲ್ ಕಾವಲುಗಳಿವೆ. ಅವುಗಳಲ್ಲಿ ಉಳ್ಳಾರ್ತಿ ಕಾವಲಿನ ಸುಮಾರು 1,800 ಎಕರೆಯನ್ನು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಕೊಡಲಾಯಿತು. ಅಲ್ಲಿ ಯುರೇನಿಯಂ ಸಾಂದ್ರೀಕರಣದ ಘಟಕ ಕಟ್ಟುವ ವಿಷಯ 2011ರಲ್ಲಿ ಪ್ರಕಟವಾಯಿತು. ಕಾವಲುಗಳ ಸುತ್ತ ಗೋಡೆ ಎದ್ದಾಗ ದನ ಕುರಿ ಮೇಯಿಸುವವರಿಗೆ ದಾರಿ ಮುಚ್ಚಿತು. ಪರಿಸರದ ಅನುಮತಿಗೆ ಮೊದಲೇ ಕೆಲಸ ಶುರುವಾಗಿದೆ ಎಂಬ ದೂರು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು.

ಚಳ್ಳಕೆರೆ ತಾಲ್ಲೂಕಿನಲ್ಲಿ ಹರಿಯುವ ವೇದಾವತಿಯೇ ಹಗರಿ ಎನಿಸಿಕೊಂಡು ರಾಯದುರ್ಗ ಸೀಮೆಗೆ ಬರುತ್ತಾಳೆ. ಭೈರವಾನಿತಿಪ್ಪ ಅಣೆಕಟ್ಟಿನಲ್ಲಿ ನಿಲ್ಲುವುದು ಆ ನೀರೇ. ರಾಜ್ಯದ ಗಡಿಕಲ್ಲು ನೀರಿಗೆ ಕಾಣುವುದಿಲ್ಲ. ಯಾರನ್ನೂ ಗಾಬರಿಪಡಿಸಲು ಇದನ್ನು ಬರೆಯುತ್ತಿಲ್ಲ. ತಿಳಿದಿರಬೇಕಾದುದನ್ನು ಮುಂಚೆಯೇ ತಿಳಿದಿರೋಣ ಎಂಬುದಷ್ಟೇ ನಮ್ಮ ಉದ್ದೇಶ.

ಕಸ ಎರಡು ಬಗೆ

ಇಂಥ ಘಟಕದಲ್ಲಿ ಯುರೇನಿಯಂ ಅನ್ನು ಫ್ಲೋರಿನ್ ಜೊತೆ ಸೇರಿಸಿ ಅನಿಲ ಮಾಡುತ್ತಾರೆ. ಆ ಅನಿಲವನ್ನು ಯಂತ್ರಗಳಲ್ಲಿ ಅತಿ ವೇಗವಾಗಿ ತಿರುಗಿಸಿ, ಬೇಕಾದ ಭಾಗವನ್ನು ಬೇರ್ಪಡಿಸುತ್ತಾರೆ. ಸಹಜ ಯುರೇನಿಯಂನಲ್ಲಿ ಬೇಕಾದ ಭಾಗ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಉಳಿದದ್ದನ್ನು ಜೋಪಾನವಾಗಿ ಇಡಬೇಕು. ಈ ಅನಿಲ ಸೋರಿ ಗಾಳಿಯ ತೇವಕ್ಕೆ ತಗುಲಿದರೆ ಕಣ್ಣು, ಶ್ವಾಸಕೋಶಗಳನ್ನು ಸುಡುವ ಆಮ್ಲವಾಗುತ್ತದೆ.

ಆದುದರಿಂದ ಇಲ್ಲಿ ಕಸ ಎರಡು ಬಗೆ. ಒಂದು, ವಿಕಿರಣ ಸೂಸುವ ಕಸ. ಇನ್ನೊಂದು, ಬಳಸಿದ ಆಮ್ಲ, ಎಣ್ಣೆ, ಫ್ಲೋರೈಡ್ ಬೆರೆತ ಕೆಸರು ಮುಂತಾದ ರಾಸಾಯನಿಕ ಕಸ. ಕಾನೂನಿನಲ್ಲಿ ಇವೆರಡಕ್ಕೂ ಮೇಲ್ವಿಚಾರಕರು ಬೇರೆ ಬೇರೆ.

ನೋಡುವವರು ಯಾರು?

ರಾಸಾಯನಿಕ ಕಸಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ. ಇವುಗಳ ಪ್ರಕಾರ ಕಾರ್ಖಾನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆಯಬೇಕು. ಕಸವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ತನ್ನಲ್ಲಿ ಇಟ್ಟುಕೊಳ್ಳಬಾರದು. ಹೊರಗೆ ಸಾಗಿಸುವಾಗ ಲಾರಿಯ ಜೊತೆ ಕಸದ ವಿವರವುಳ್ಳ ರಹದಾರಿ ಪತ್ರ ಇರಬೇಕು. ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ಮಂಡಳಿಗೆ ಒಪ್ಪಿಸಬೇಕು.

ವಿಕಿರಣ ಕಸವನ್ನು ಈ ನಿಯಮಗಳು ಹೊರಗಿಟ್ಟಿವೆ. ಅದಕ್ಕೆ 1987ರಲ್ಲಿ ಅಣುಶಕ್ತಿ ಕಾಯ್ದೆಯ ಕೆಳಗೆ ಬೇರೆ ನಿಯಮಗಳನ್ನು ಮಾಡಲಾಯಿತು. ಮೇಲ್ವಿಚಾರಣೆಗೆ 1983ರಲ್ಲಿಯೇ ಅಣುಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿತ್ತು. ಆದರೆ 2000ನೇ ಇಸವಿಯಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿ, ಭಾಭಾ ಕೇಂದ್ರದ ಘಟಕಗಳನ್ನು ಆ ಮಂಡಳಿಯ ಕೈಯಿಂದ ತೆಗೆದು, ಕೇಂದ್ರದ ಒಳಗಿನ ಸುರಕ್ಷತಾ ಸಮಿತಿಗಳಿಗೇ ಒಪ್ಪಿಸಿತು.

ಇದರ ಅರ್ಥವೇನು? ಮಂಡಿಗೆ ಕಡಲೆಕಾಯಿ ಒಯ್ದಾಗ ಕೊಳ್ಳುವವನೇ ತೂಗಿದರೆ ನಮಗೆ ಸಮಾಧಾನವಾಗುತ್ತದೆಯೇ? ಅವನು ಮೋಸಗಾರ ಎಂದಲ್ಲ, ತೂಕ ಸರಿಯಾಗಿಯೇ ಇರಬಹುದು. ಆದರೂ ಬೇರೊಬ್ಬರ ತಕ್ಕಡಿ ಇದ್ದರೆ ಇಬ್ಬರಿಗೂ ಒಳ್ಳೆಯದು. ಕೇಂದ್ರದ ವಿಜ್ಞಾನಿಗಳ ಜಾಣ್ಮೆಯ ಬಗ್ಗೆ ನಮಗೆ ಗೌರವವಿದೆ. ಹೊರಗಿನ ತಕ್ಕಡಿ ಬೇಕು ಎನ್ನುವುದು ಅವರಿಗೆ ಅಗೌರವವಲ್ಲ.

ಈ ಮಾತನ್ನು ನಾವಷ್ಟೇ ಹೇಳುತ್ತಿಲ್ಲ. ನಿಯಂತ್ರಣ ಮಂಡಳಿಗೆ ಕಾನೂನಿನ ಸ್ವತಂತ್ರ ಬಲವಿಲ್ಲ ಎಂದು ಭಾರತದ ಮಹಾಲೇಖಪಾಲರ ವರದಿ 2012ರಲ್ಲಿ ಎತ್ತಿ ತೋರಿಸಿತು. ಅದಕ್ಕೆ ಮೊದಲೇ, 2011ರಲ್ಲಿ, ಹೊಸ ಪ್ರಾಧಿಕಾರಕ್ಕಾಗಿ ಸಂಸತ್ತಿನಲ್ಲಿ ಮಂಡಿಸಿದ್ದ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು 1962ರ ಅಣುಶಕ್ತಿ ಕಾಯ್ದೆಯ ಬದಲಿಗೆ 'ಶಾಂತಿ' ಎಂಬ ಹೊಸ ಕಾಯ್ದೆಯನ್ನು ಒಪ್ಪಿ, ಮಂಡಳಿಗೆ ಕಾನೂನಿನ ಸ್ಥಾನ ಕೊಟ್ಟಿತು. ಆ ಬಲ ಕಾವಲಿನ ಗೋಡೆಯ ಒಳಗೂ ನಡೆಯಬೇಕು ಎಂದು ಕೇಳುವುದು ರೈತರ ಹಕ್ಕು.

ಇನ್ನೊಂದು ವಿಷಯ. ದೊಡ್ಡ ಕಾರ್ಖಾನೆಗೆ ಅನುಮತಿ ಕೊಡುವ ಮೊದಲು ಊರಿನವರ ಅಹವಾಲು ಕೇಳಬೇಕೆಂದು 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಆದರೆ ದೇಶದ ರಕ್ಷಣೆಗೆ ಸಂಬಂಧಿಸಿದ ಯೋಜನೆಗಳಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ಇಂಥ ಕಡೆ ಜನರ ಬಾಯಿಗೆ ಸಿಗುವ ಅವಕಾಶ ಕಡಿಮೆ. ಜನರ ಕೈಯಲ್ಲಿರುವ ದಾಖಲೆಯ ಬೆಲೆ ಹೆಚ್ಚು.

ತುಮ್ಮಲಪಲ್ಲೆಯ ಪಾಠ

ದಾಖಲೆಯ ಬೆಲೆ ಏನೆಂದು ತಿಳಿಯಲು ಕಡಪ ಜಿಲ್ಲೆಯ ತುಮ್ಮಲಪಲ್ಲೆಯನ್ನು ನೋಡಿ. ಅಲ್ಲಿರುವುದು ಸಂಶೋಧನಾ ಕೇಂದ್ರವಲ್ಲ, ಯುರೇನಿಯಂ ಗಣಿ ಮತ್ತು ಅದಿರು ಸಂಸ್ಕರಿಸುವ ಕಾರ್ಖಾನೆ. ಕಾರ್ಖಾನೆಯ ಕೆಸರನ್ನು ದೊಡ್ಡ ಕೊಳಕ್ಕೆ ಬಿಡುತ್ತಾರೆ. ಕೊಳವೆಬಾವಿ ನೀರು ಕೆಟ್ಟಿತು, ಬಾಳೆ ತೋಟ ಹಾಳಾಯಿತು ಎಂದು ಸುತ್ತಲಿನ ರೈತರು ದೂರಿದರು. ಕಂಪನಿ ಒಪ್ಪಲಿಲ್ಲ. 2018ರಲ್ಲಿ ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ, ಕೊಳದ ತಳಕ್ಕೆ ಸೋರದಂತೆ ಹಾಕಬೇಕಾದ ಪದರದ ವಿಷಯದಲ್ಲಿ ಕಂಪನಿಗೆ ನೋಟಿಸ್ ಕೊಟ್ಟಿತು.

ಇಂಥ ಜಗಳದಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: 'ನಿಮ್ಮ ನೀರು ಮೊದಲು ಹೇಗಿತ್ತು?' ನಮ್ಮ ಬಂಡೆಗಳಲ್ಲಿ ಯುರೇನಿಯಂ, ಫ್ಲೋರೈಡ್ ಎರಡೂ ಸಹಜವಾಗಿಯೇ ಇವೆ. ಅನಂತಪುರ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಬೆನ್ನು ಫ್ಲೋರೈಡಿನ ಗುರುತುಗಳು. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಇವು ಹೆಚ್ಚಾಗಬಹುದು. ಹಳೆಯ ಪರೀಕ್ಷೆಯ ಚೀಟಿ ಇಲ್ಲದಿದ್ದರೆ, ಮುಂದೆ ನೀರು ಕೆಟ್ಟಾಗ ಅದು ಬಂಡೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂದು ಹೇಳಲು ಯಾರಿಂದಲೂ ಆಗದು. ಕಾರ್ಖಾನೆಯದು ತಪ್ಪಿಲ್ಲದಿದ್ದರೂ ಅದನ್ನು ತೋರಿಸುವುದು ಆ ಚೀಟಿಯೇ.

ನಾವೇನು ಮಾಡಬಹುದು?

1. ಕುಡಿಯುವ ನೀರಿನ ಬಾವಿಯನ್ನು ಈಗಲೇ ಪರೀಕ್ಷಿಸಿಕೊಳ್ಳಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಮೋಟಾರನ್ನು ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಫ್ಲೋರೈಡ್ ಪರೀಕ್ಷೆಯನ್ನು ಗ್ರಾಮೀಣ ನೀರು ಸರಬರಾಜು ಪ್ರಯೋಗಾಲಯದಲ್ಲಿ ಮಾಡಿಸಬಹುದು. ಯುರೇನಿಯಂ ಪರೀಕ್ಷೆ ಎಲ್ಲ ಕಡೆ ಇರುವುದಿಲ್ಲ, ಕೇಳಿಕೊಂಡು ಹೋಗಿ.

2. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಯುರೇನಿಯಂ 30 ಮೈಕ್ರೋಗ್ರಾಂ ಮೀರಬಾರದು. ನೀರಿನಲ್ಲಿ ಹೆಚ್ಚು ಯುರೇನಿಯಂ ಇದ್ದರೆ ಮೊದಲು ಏಟು ಬೀಳುವುದು ಮೂತ್ರಪಿಂಡಕ್ಕೆ.

3. ನೀರು ಕಾಯಿಸಿದರೆ ಇವೆರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಸಾಂದ್ರತೆ ಹೆಚ್ಚುತ್ತದೆ. ಆರ್.ಓ. ಯಂತ್ರ ಇವನ್ನು ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಅದರಿಂದ ಹೊರಬೀಳುವ ನೀರನ್ನು ದನಕ್ಕೂ ಕುಡಿಸಬೇಡಿ. ಶೇಖರಿಸಿದ ಮಳೆನೀರು, ಶುಚಿಯಾಗಿಟ್ಟರೆ, ಕುಡಿಯಲು ಒಳ್ಳೆಯದು.

4. ಪರೀಕ್ಷೆಯ ಚೀಟಿಯ ಮೇಲೆ ತಾರೀಖು, ಸರ್ವೆ ನಂಬರು, ಬಾವಿಯ ಆಳ ಬರೆಯಿಸಿ. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಪಂಚಾಯಿತಿಯಲ್ಲಿ ಇರಲಿ.

5. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಆಂಧ್ರದವರಾದ ನಾವು ಕರ್ನಾಟಕದ ಮಂಡಳಿಗೂ ಅರ್ಜಿ ಹಾಕಬಹುದು. ಅಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ರಕ್ಷಣೆಯ ಗುಟ್ಟನ್ನು ಕೇಳಿದರೆ ಕೊಡುವುದಿಲ್ಲ. ಕಸದ ಅನುಮತಿ, ಸುತ್ತಲಿನ ನೀರಿನ ಪರೀಕ್ಷೆಯ ಫಲಿತಾಂಶಗಳನ್ನು ಕೇಳಿ.

ಒಂದೊಂದು ಮನೆಯವರು ಮಾಡಿದರೆ ಅದು ಒಂದು ಚೀಟಿ. ಊರಿನವರೆಲ್ಲ ಸೇರಿ ಮಾಡಿದರೆ ಅದು ಊರಿನ ಸಾಕ್ಷಿ. ಈ ತಿಂಗಳ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ, ಊರಿಗೆ ಕನಿಷ್ಠ ಎರಡು ಬಾವಿಗಳನ್ನಾದರೂ ಆರಿಸಿಕೊಳ್ಳಿ. ಹೊಲದ ಪಹಣಿಯನ್ನು ಜೋಪಾನ ಮಾಡುವಂತೆಯೇ ನೀರಿನ ಚೀಟಿಯನ್ನೂ ಜೋಪಾನ ಮಾಡೋಣ.