ನಿಮಗಿದು ಗೊತ್ತೆ? ಗುಡ್ಡ ಹತ್ತಿದರೆ ದಿಗಂತವೂ ದೂರ

ಕಡಲ ದಂಡೆಯ ಮರಳಿನಲ್ಲಿ ನಿಂತವರಿಗೆ ಕಾಣುವ ದಿಗಂತ ಬರೀ 4.5 ಕಿ.ಮೀ. ದೂರದ್ದು. ಪಕ್ಕದಲ್ಲೇ 50 ಮೀಟರ್ ಎತ್ತರದ ಗುಡ್ಡವಿದ್ದು, ಅದರ ನೆತ್ತಿಗೇರಿದರೆ ದಿಗಂತ 25 ಕಿ.ಮೀ.ಗೆ ಸರಿಯುತ್ತದೆ. ಭೂಮಿ ಗುಂಡಗಿರುವುದೇ ಇದಕ್ಕೆ ಕಾರಣ. ಬೈಂದೂರಿನ ಒತ್ತಿನೆಣೆಯಂಥ ಕಡಲಂಚಿನ ಗುಡ್ಡದಿಂದ ಮಳೆಗಾಲದ ಆಕಾಶ ನೋಡುವ ಸುಖವೇ ಬೇರೆ. ಮಳೆ ಮೈಮುಟ್ಟುವ ಎಷ್ಟೋ ಮೊದಲೇ, ನೀರಿನ ಮೇಲೆ ಬೂದು ಪರದೆಯಂತೆ ನಡೆದು ಬರುವುದು ಕಾಣುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದರೂ ದಿಗಂತದಿಂದ ನಮ್ಮ ತನಕ ತಲುಪಲು ಅದಕ್ಕೆ 50 ನಿಮಿಷ ಬೇಕು!

ಗುಡುಗಿನ ಮೋಡಗಳು 12 ಕಿ.ಮೀ. ಎತ್ತರಕ್ಕೂ ಬೆಳೆಯುತ್ತವೆ. ಹಾಗಾಗಿ ಗಾಳಿ ತಿಳಿಯಾಗಿದ್ದ ದಿನ 300 ಕಿ.ಮೀ. ಆಚೆಯ ಮೋಡದ ನೆತ್ತಿಯೂ ಕಂಡೀತು. ಬುಡ ಮಾತ್ರ ಕಡಲಿನ ಬಾಗಿನ ಹಿಂದೆ ಅಡಗಿರುತ್ತದೆ. ಸಂಜೆ ಇನ್ನೊಂದು ಲಾಭ: ದಂಡೆಯವರಿಗೆ ಸೂರ್ಯ ಮುಳುಗಿದ ಮೇಲೂ ಗುಡ್ಡದ ಮೇಲಿನವರಿಗೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಅವನ ಅಂಚು ಕಾಣುತ್ತಿರುತ್ತದೆ.

ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಆದರೆ ಗುಡುಗು ಕಿವಿಗೆ ಬಿತ್ತೆಂದರೆ, ನೋಡುವ ಆಸೆ ಎಷ್ಟೇ ಇರಲಿ, ಲೆಕ್ಕ ಹಾಕುತ್ತ ನಿಲ್ಲದೆ ಇಳಿದುಬಿಡಿ. ಬೋಳು ಗುಡ್ಡದ ತುದಿಯಲ್ಲಿ ನಿಂತ ಮನುಷ್ಯನಿಗೇ ಸಿಡಿಲು ಬಡಿಯುವ ಅಪಾಯ ಹೆಚ್ಚು.