ಕೊರಳ ಹಾರದಂತಹ ಒಂದು ಸಂಖ್ಯೆ

ದೊಡ್ಡ ಸಂಖ್ಯೆಯನ್ನು ಕಂಡೊಡನೆ ಹಿಂಜರಿಯುವುದು ನಮ್ಮಲ್ಲಿ ಅನೇಕರ ಸ್ವಭಾವವಾಗಿದೆ. ಆದರೆ ಹೊಸರಿತ್ತಿಯಿಂದ ಬ್ಯಾಡಗಿಯ ಪೇಟೆಗೆ ಒಣಮೆಣಸಿನಕಾಯಿ ಕಳುಹಿಸುವ ಒಕ್ಕಲುಮನೆಯ ಗೃಹಿಣಿಗೆ ಅಂಕಿಗಳ ಅಂಜಿಕೆಯು ಸಲ್ಲದು. ಒಂದು ಅಂಕಿ ಸ್ಥಳ ತಪ್ಪಿದರೆ ದುಡಿಮೆಯ ಫಲಕ್ಕೇ ಕೊರತೆ ಬೀಳುವುದು. ಆದುದರಿಂದ ನಮ್ಮ ನಾಡಿನದೇ ಆದ ಒಂದು ಹಿರಿಯ ಸಂಖ್ಯೆಯನ್ನು ವಾಚಕರ ಮುಂದಿರಿಸಿ, ಅದರಿಂದ ಮನೆಯ ಲೆಕ್ಕಕ್ಕೆ ಒದಗುವ ಪ್ರಯೋಜನವನ್ನು ಹೇಳಬಯಸುತ್ತೇವೆ.

ಆ ಸಂಖ್ಯೆಯು 12345654321. ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕವಿದ್ದು, ಅದರ ಗುಣಲಬ್ಧವೇ ಇದು. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಇಂತಹ ಗುಣಲಬ್ಧಗಳು ಕೊರಳ ಹಾರವನ್ನು ನೆನಪಿಗೆ ತರುವುವು. ಆಚಾರ್ಯನು ಸ್ತುತಿಸಿರುವ ಅರಸನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಆತನ ದಂಡನಾಯಕನಾದ ಬಂಕೆಯನ ಹೆಸರನ್ನು ಹೊತ್ತ ಬಂಕಾಪುರವು ಇಂದಿಗೂ ಹಾವೇರಿ ಜಿಲ್ಲೆಯಲ್ಲಿರುವುದು.

ಈ ಹಾರವನ್ನು ಬಿಡಿಸಿ ನೋಡೋಣ. ಇದು 111111ರ ವರ್ಗ. 111111 ಆದರೋ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಹಾಗಾಗಿ ಹಿರಿಯ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಅಡಗಿವೆ. ಭಾಗಿಸುವ ಶ್ರಮವಿಲ್ಲದೆಯೇ ಇದರಲ್ಲಿ ಕೆಲವನ್ನು ಕಾಣಬಹುದು. ಅಂಕಿಗಳನ್ನೆಲ್ಲ ಕೂಡಿದರೆ 36. ಆದುದರಿಂದ ಸಂಖ್ಯೆಯು 9ರಿಂದ ನಿಶ್ಶೇಷವಾಗಿ ಭಾಗವಾಗುವುದು. ಬಲಗಡೆಯಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತ ಹೋದರೆ ಸೊನ್ನೆ ಬರುವುದು. ಆದುದರಿಂದ 11ರಿಂದಲೂ ಭಾಗವಾಗುವುದು. 10ನ್ನು 9ರಿಂದ ಭಾಗಿಸಿದರೆ 1 ಉಳಿಯುವುದೂ, 10 ಎಂಬುದು 11ಕ್ಕೆ ಒಂದು ಕಡಿಮೆಯಿರುವುದೂ ಇದಕ್ಕೆ ಕಾರಣ.

ಇನ್ನು ಮನೆಯ ಲೆಕ್ಕಕ್ಕೆ ಬರೋಣ. ಕಿಲೋಗೆ 214 ರೂಪಾಯಿಯಂತೆ 23 ಕಿಲೋ ಕಾಯಿಯ ಬೆಲೆ 4922 ರೂಪಾಯಿ. ಕೈತಪ್ಪಿ 4292 ಎಂದು ಬರೆದರೆ 630 ರೂಪಾಯಿ ನಷ್ಟ. ಒಂಬತ್ತರ ಒರೆಗೆ ಹಚ್ಚಿದರೆ 214ರ ಶೇಷ 7, 23ರದು 5. ಇವುಗಳ ಗುಣಲಬ್ಧ 35ರ ಶೇಷ 8. ತಪ್ಪಾದ 4292ರ ಶೇಷವೂ 8! ಅಂಕಿಗಳು ಸ್ಥಳ ಬದಲಿಸಿದರೂ ಕೂಡಿದ ಮೊತ್ತ ಬದಲಾಗದ ಕಾರಣ, ಒಂಬತ್ತರ ಒರೆಯು ಇಲ್ಲಿ ಕುರುಡು.

ಹನ್ನೊಂದರ ಒರೆಯಾದರೋ ಹಾಗಲ್ಲ. 214ರಿಂದ 4−1+2, ಅಂದರೆ 5, 23ರಿಂದ 3−2, ಅಂದರೆ 1, ಗುಣಲಬ್ಧ 5. ಸರಿಯಾದ 4922ರಿಂದ 2−2+9−4, ಅಂದರೆ 5. ತಪ್ಪಾದ 4292ರಿಂದ ಬರುವುದು 2−9+2−4, ಅಂದರೆ ಋಣ 9; ಒಂದು ಸಲ 11 ಕೂಡಿದರೆ 2. ತಪ್ಪು ಬಯಲಾಯಿತು! ನೆರೆಯ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ ಈ ಒರೆಯು ಎಂದಿಗೂ ಮೋಸಹೋಗದು.

ಇಂದು ಗಣಕಯಂತ್ರವು ಕೈಯಲ್ಲಿಯೇ ಇರುವುದು ನಿಜ. ಆದರೆ ಯಂತ್ರವು ತೋರಿಸಿದ್ದನ್ನು ಚೀಟಿಗೆ ಇಳಿಸುವುದು ಮನುಷ್ಯರ ಕೈಯೇ ಅಲ್ಲವೇ? ಹಾರದಲ್ಲಿ ಅಡಗಿರುವ ಒಂಬತ್ತು ಹನ್ನೊಂದುಗಳೆರಡನ್ನೂ ಮನೆಯ ಮಕ್ಕಳಿಗೆ ಕಲಿಸಿ, ಮುಂದಿನ ಪೇಟೆಯ ಚೀಟಿಯನ್ನು ಅವರ ಕೈಯಿಂದಲೇ ಒರೆಗೆ ಹಚ್ಚಿಸಬೇಕೆಂದು ನಮ್ಮ ಬಿನ್ನಹ.